ಬೀಳದ ಸರ್ವರ್

ಮದುವೆ ಮುಗಿದ ಮೇಲೆ ಗಿರಾಕಿಗಳ ಫೋನು ಎತ್ತಬಾರದು ಎಂಬುದು ಗವಿಸಿದ್ದೇಶ ತನ್ನ ಕಸುಬಿನಲ್ಲಿ ಕಲಿತ ಮೊದಲ ಪಾಠ. ಬೆಟಗೇರಿಯಲ್ಲಿ ತನ್ನ ಮನೆಯ ಮುಂದಿನ ಕೋಣೆಗೆ ‘ಗವಿ ಡಿಜಿಟಲ್ ಸ್ಟುಡಿಯೋ’ ಎಂಬ ಬೋರ್ಡು ಹಾಕಿಕೊಂಡು ಕೂತ ಈ ಮನುಷ್ಯ ಬೇರೆ ಯಾವ ಪಾಠವನ್ನೂ ಅಷ್ಟು ಶ್ರದ್ಧೆಯಿಂದ ಕಲಿತವನಲ್ಲ. ಆದರೆ ಆ ದಿನ ಬೆಳಿಗ್ಗೆ ಮೊಬೈಲಿನಲ್ಲಿ ಕಂಡದ್ದು ಗುರುತಿಲ್ಲದ ನಂಬರು. ಯಾರೋ ಬಸುರಿಯ ಕುಬಸದ ಫೋಟೋಕ್ಕೆ ಕರೆಯುತ್ತಿರಬೇಕು ಎಂಬ ಆಸೆಗೆ ಬಿದ್ದು, ಬಾಯಲ್ಲಿದ್ದ ಮಂಡಕ್ಕಿ ಸುಸಲಾ ನುಂಗಿ ‘ಹಲೋ’ ಅಂದುಬಿಟ್ಟ.

ಆ ಕಡೆ ಇದ್ದವರು ಬೆಳ್ಳಟ್ಟಿಯ ಅಂದಪ್ಪ ಸಾವ್ಕಾರರು, ಫೋನು ಮಾತ್ರ ಬೇರೆ ಯಾರದೋ. ವೈಶಾಖದಲ್ಲಿ ಲಕ್ಷ್ಮೇಶ್ವರದ ಕಲ್ಯಾಣ ಮಂಟಪದಲ್ಲಿ ತಮ್ಮ ಮಗಳು ಅಂಕಿತಾಳನ್ನು ಸೊರಟೂರಿನ ಮನೆತನಕ್ಕೆ ಮದುವೆ ಮಾಡಿಕೊಟ್ಟಿದ್ದರು. ಫೋಟೋ, ವಿಡಿಯೋ ಎರಡೂ ಗವಿಸಿದ್ದೇಶನವೇ. ಆಲ್ಬಮ್ ಹೇಗೋ ಅವರ ಮನೆ ಮುಟ್ಟಿತ್ತು. ವಿಡಿಯೋ ಮಾತ್ರ ಇನ್ನೂ ‘ಎಡಿಟಿಂಗ್‌ನಲ್ಲಿ’ ಇತ್ತು. ಗವಿಸಿದ್ದೇಶನ ಎಡಿಟಿಂಗ್ ಎಂದರೆ ಚಿತ್ರದ ಅಸಲು ಸದ್ದನ್ನೆಲ್ಲ ಒರೆಸಿ ಹಾಕಿ, ಮೊದಲಿನಿಂದ ಕೊನೆಯ ತನಕ ಒಂದೇ ಶಹನಾಯಿ ಅಂಟಿಸುವುದು. ಅಷ್ಟು ಕೆಲಸಕ್ಕೂ ಅವನಿಗೆ ಪುರಸೊತ್ತಾಗಿರಲಿಲ್ಲ. ಕ್ಯಾಮೆರಾದಿಂದ ಒಂದು ಹಾರ್ಡ್ ಡಿಸ್ಕಿಗೆ ಸುರುವಿಟ್ಟ ಆ ಮದುವೆಯನ್ನು ಅವನು ಕೂಡ ಒಮ್ಮೆಯೂ ನೋಡಿರಲಿಲ್ಲ.

ಅಂದಪ್ಪನವರ ಗೋಳು ಬೇರೆಯೇ ಇತ್ತು. ಮದುವೆಯಲ್ಲಿ ಬೀಗರ ಕಡೆಯ ಹಿರಿಯರನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೂ ತಾವೇ ರುಮಾಲು ಸುತ್ತಿ, ಶಾಲು ಹೊದಿಸಿ ಮಾನ ಮಾಡಿದ್ದರು. ಆದರೆ ಅಳಿಯನ ದೊಡ್ಡಪ್ಪ ಮುದುಕಪ್ಪ, ತನಗೊಬ್ಬನಿಗೆ ರುಮಾಲು ಸುತ್ತಲಿಲ್ಲ, ಸುತ್ತುವುದಿರಲಿ ಎಲ್ಲರೆದುರು ಸಾಲಿನಿಂದ ಎಬ್ಬಿಸಿ ಕಳಿಸಿದರು ಎಂದು ಅಂದಿನಿಂದ ಮುಖ ಊದಿಸಿಕೊಂಡು ಕೂತಿದ್ದ. ಈಗ ನಾಗರ ಪಂಚಮಿ ಬಾಗಿಲಿಗೆ ಬಂದಿತ್ತು. ಮದುವೆಯಾದ ಮೊದಲ ಪಂಚಮಿಗೆ ಮಗಳು ತವರಿಗೆ ಬರಬೇಕು, ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು. ದೊಡ್ಡಪ್ಪನ ಮಾನದ ವಿಷಯ ಬಗೆಹರಿಯದೆ ಸೊಸೆಯನ್ನು ಕಳಿಸುವುದಿಲ್ಲ ಎಂದು ಸೊರಟೂರಿನವರು ಪಟ್ಟು ಹಿಡಿದಿದ್ದರು. ಕೊನೆಗೆ ಎರಡೂ ಕಡೆಯ ಹಿರಿಯರು ಕೂತು ವಿಡಿಯೋ ನೋಡಿಯೇ ತೀರ್ಮಾನ ಮಾಡೋಣ ಎಂದು ಒಪ್ಪಿದ್ದರು.

“ನಮ್ಮ ಕಡಿಂದ ಹಿರೇರನ್ನ ಎಬ್ಬಿಸುವಂಥ ಮೂಳ ಯಾರ ಅದಾನ, ನೀನ ಹೇಳು” ಎಂದರು ಅಂದಪ್ಪ.

“ಛೇ, ಅಂಥಾ ಕೆಲಸ ಯಾರ ಮಾಡ್ತಾರ್ರಿ ಸಾವ್ಕಾರ್ರ” ಎಂದು ಗವಿಸಿದ್ದೇಶ ಲೊಚಗುಟ್ಟಿದ.

“ವಿಡಿಯೋ ಐತಿಲ್ಲೋ ನಿನ್ನಂತ್ಯಾಕ?”

ಇಲ್ಲಿ ಅವನು ‘ಐತ್ರಿ’ ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ದೊಡ್ಡವರ ಜೊತೆ ಮಾತಾಡುವಾಗ ಒಂದು ದೊಡ್ಡ ಶಬ್ದ ಬಳಸದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. “ಸರ್ವರಿನ್ಯಾಗ ಭದ್ರ ಐತ್ರಿ” ಎಂದ.

“ಸರ್ವರ್ ಅಂದ್ರ ಬ್ಯಾಂಕಿನ್ಯಾಗ ದಿನಾ ಬಿದ್ದಿರ್ತೈತಲ್ಲ, ಅದಾ?”

“ಅವರದು ಬೀಳ್ತೈತ್ರಿ. ನಂದು ಬೀಳಂಗಿಲ್ಲ. ಒಮ್ಮಿ ಅದರಾಗ ಹೋತಂದ್ರ ನಾ ಅಳಸ್ತೀನಂದ್ರೂ ಅಳಸಾಕ ಬರಂಗಿಲ್ಲ.”

“ಹಂಗಾರ ಚಲೋ ಆತು. ಪೆನ್ ಡ್ರೈವಿನ್ಯಾಗ ತಂದ್ರ ತಿದ್ದಿಸಿಕೊಂಡು ಬಂದೀರಿ ಅಂತಾರ ಅವರು. ಸಂಜಿಕ ಬೀಗರನ್ನ ಕರಕೊಂಡು ಅಲ್ಲೇ ಬರ್ತೀನಿ. ನಿನ್ನ ಸರ್ವರಿನ್ಯಾಗ ನೋಡಲಿ.”

ಫೋನು ಇಟ್ಟ ಮೇಲೆ ಗವಿಸಿದ್ದೇಶನಿಗೆ ತನ್ನ ಮನೆಯಲ್ಲಿ ಸರ್ವರ್ ಎಂಬ ವಸ್ತು ಇಲ್ಲ ಎಂಬುದು ನೆನಪಾಯಿತು. ಇದ್ದದ್ದು ಒಂದು ಬಿಸ್ಕೀಟಿನ ಡಬ್ಬಿ. ಅದರೊಳಗೆ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಅರ್ಧ ಮದುವೆಗಳು ಹಳೇ ಡಿಸ್ಕುಗಳಲ್ಲಿ ಒಂದರ ಮೇಲೊಂದು ಮಲಗಿದ್ದವು. ಅಂಕಿತಾಳ ಮದುವೆಯ ಡಿಸ್ಕನ್ನು ಹುಡುಕಿ ಕಂಪ್ಯೂಟರಿಗೆ ಜೋಡಿಸಿದ. ಅದು ‘ಟಕ್, ಟಕ್’ ಎಂದು ಸುಮ್ಮನಾಯಿತು. ಇನ್ನೊಮ್ಮೆ ಜೋಡಿಸಿದರೂ ಅದೇ ‘ಟಕ್, ಟಕ್’. ಆ ಸೀಮೆಯ ಮದುವೆಗಳೆಲ್ಲ ಅವನ ಕೈಗೆ ಬರುತ್ತಿದ್ದದ್ದು ಅಂದಪ್ಪನವರ ಒಂದು ಮಾತಿನಿಂದ. ಆ ಮಾತು ನಿಂತರೆ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ ಕೂರಬೇಕಿತ್ತು.

ಹೆಂಡತಿ ಕಾಂಚನಾ ಒಲೆಯ ಮುಂದಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. “ಡಿಸ್ಕ್ ಕೆಟ್ಟೈತಿ ಅಂತ ಫೋನ್ ಮಾಡಿ ಹೇಳ್ರಿ. ಬೈತಾರ, ಬೈಸ್ಕೋರಿ. ಅಲ್ಲಿಗೆ ಮುಗೀತು” ಎಂದಳು. ಇಡೀ ದಿನದಲ್ಲಿ ಆ ಮನೆಯಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ. ಗವಿಸಿದ್ದೇಶ ಅದನ್ನು ಕೇಳಿ, ಹೆಂಗಸರಿಗೆ ಟೆಕ್ನಿಕಲ್ ವಿಷಯ ತಿಳಿಯುವುದಿಲ್ಲ ಎಂದು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ. ಸಂಜೆಯೊಳಗೆ ಒಂದು ಸರ್ವರ್ ಕಟ್ಟಿಬಿಡುವುದು ಎಂದು ತೀರ್ಮಾನಿಸಿದ್ದ.

ನಮ್ಮ ಕಡೆ ಒಬ್ಬನೇ ಹೋಗಿ ವಸ್ತು ಕೊಳ್ಳುವ ಪದ್ಧತಿ ಇಲ್ಲ. ಎಮ್ಮೆ ಕೊಳ್ಳುವುದಿರಲಿ, ಮಿಕ್ಸರ್ ಕೊಳ್ಳುವುದಿರಲಿ, ಅದರ ಬಗ್ಗೆ ಏನೂ ಗೊತ್ತಿಲ್ಲದ ಇಬ್ಬರಾದರೂ ಜೊತೆಗೆ ಬೇಕು. ಗವಿಸಿದ್ದೇಶನಿಗೆ ಆ ಇಬ್ಬರು ಓಣಿಯಲ್ಲೇ ಸಿಕ್ಕರು. ಒಬ್ಬ ಪಕ್ಕದ ಅಂಗಡಿಯ ಯಮನೂರಪ್ಪ. ಪಂಪ್‌ಸೆಟ್ ಮೋಟಾರುಗಳನ್ನು ರಿಪೇರಿ ಮಾಡುವ ಅವನಿಗೆ ಜಗತ್ತಿನಲ್ಲಿ ಒಳ್ಳೆಯ ವಸ್ತುವನ್ನು ಅಳೆಯುವ ಮಾಪು ಒಂದೇ, ತೂಕ. ಇನ್ನೊಬ್ಬರು ಪುಂಡಲೀಕಪ್ಪ ಮಾಸ್ತರರು. ಪ್ರೌಢಶಾಲೆಯಿಂದ ನಿವೃತ್ತರಾದ ಮೇಲೆ ಮಕ್ಕಳು ಸಿಗದೆ ಓಣಿಯವರಿಗೆ ಪಾಠ ಹೇಳುತ್ತಿದ್ದರು. ಸರ್ವರ್ ಕಟ್ಟುವ ಯೂಟ್ಯೂಬ್ ವಿಡಿಯೋಗಳನ್ನು ಅವರು ನೋಡಿದಷ್ಟು ಗದಗ ಜಿಲ್ಲೆಯಲ್ಲಿ ಇನ್ನೊಬ್ಬರು ನೋಡಿರಲಾರರು. ಸ್ವಂತ ಮೊಬೈಲಿನ ಅಕ್ಷರ ದೊಡ್ಡದು ಮಾಡಿಕೊಳ್ಳಲು ಮಾತ್ರ ಸೊಸೆಯನ್ನು ಕೂಗುತ್ತಿದ್ದರು.

ಮೂವರೂ ಒಂದೇ ಸ್ಕೂಟರಿನಲ್ಲಿ ಗದಗಿನ ನಬಿಸಾಬನ ಅಂಗಡಿಗೆ ಹೋದರು. ನಬಿಸಾಬ ಹೊಸ, ಹಳೇ ಕಂಪ್ಯೂಟರುಗಳ ವ್ಯಾಪಾರಿ. ಯಾವುದು ಹೊಸದು, ಯಾವುದು ಹಳೇದು ಎಂಬುದನ್ನು ಗಿರಾಕಿಯ ಮುಖ ನೋಡಿ ನಿರ್ಧರಿಸುತ್ತಿದ್ದ.

ಮೊದಲ ಜಗಳ ಹೊರಗಿನ ಪೆಟ್ಟಿಗೆಯದು. ಗವಿಸಿದ್ದೇಶನಿಗೆ ಗಾಜಿನ ಬಾಗಿಲಿನದು ಬೇಕಿತ್ತು. ಒಳಗೆ ಕೆಂಪು, ನೀಲಿ ದೀಪ ತಿರುಗುವ ಅದನ್ನು ಕಂಡು ಬೀಗರು ಬೆರಗಾಗಲಿ ಎಂಬುದು ಅವನ ಲೆಕ್ಕ. ಮಾಸ್ತರರು, ಇದು ಮದುವೆ ಮಂಟಪವಲ್ಲ, ಡಿಸ್ಕು ಕೂರಲು ಜಾಗ, ಗಾಳಿಯಾಡಲು ಫ್ಯಾನು ಇದ್ದರೆ ಸಾಕು ಎಂದರು. ಯಮನೂರಪ್ಪ ಇಬ್ಬರನ್ನೂ ಬಿಟ್ಟು ಅಂಗಡಿಯ ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತ ಹೋದ. ಮೂಲೆಯಲ್ಲಿ ಒಂದು ಎತ್ತಲು ಬರಲಿಲ್ಲ. ಮುಚ್ಚಿಹೋದ ಯಾವುದೋ ಆಫೀಸಿನಿಂದ ಬಂದ ಕಬ್ಬಿಣದ ಪೆಟ್ಟಿಗೆ ಅದು. ಮುಂದೆ ಬಾಗಿಲು, ಬಾಗಿಲಿಗೆ ಕೀಲಿ, ಸ್ವಿಚ್ಚೂ ಆ ಬಾಗಿಲಿನ ಒಳಗೆ. “ಇದು ನೋಡ್ರಿ ಮಾಲು” ಎಂದು ಅದರ ಬೆನ್ನು ತಟ್ಟಿದ. ಯಾರೂ ಕೊಳ್ಳದೆ ಧೂಳು ತಿನ್ನುತ್ತಿದ್ದ ಅದನ್ನು ಇವರ ತಲೆಗೆ ಕಟ್ಟಲು ನಬಿಸಾಬನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಆಮೇಲೆ ಒಳಗಿನ ಸಾಮಾನು. ಗವಿಸಿದ್ದೇಶ ಎಲ್ಲಕ್ಕಿಂತ ದುಬಾರಿ ಪ್ರೊಸೆಸರ್ ಕೇಳಿದ. ಸರ್ವರ್ ಎಂದರೆ ಸಾಮಾನು ಕಾಯುವ ಕಾವಲುಗಾರ, ಅವನಿಗೆ ಗಣಿತದ ಡಿಗ್ರಿ ಯಾಕೆ ಎಂದು ಮಾಸ್ತರರು ಗದರಿ ಸಾದಾ ಬೋರ್ಡು ಕೊಡಿಸಿದರು. ಡಿಸ್ಕಿನ ವಿಷಯಕ್ಕೆ ಬಂದಾಗ ಮಾಸ್ತರರು ಅಂಗಡಿಯ ನಡುವೆ ನಿಂತು ಪಾಠವನ್ನೇ ಶುರು ಮಾಡಿದರು. ಒಂದೇ ದೊಡ್ಡ ಡಿಸ್ಕು ಕೂಡದು, ಸಮನಾದ ಎರಡು ಬೇಕು, ಒಂದರ ಮೇಲೆ ಬರೆದದ್ದು ಅದೇ ಗಳಿಗೆಗೆ ಇನ್ನೊಂದರ ಮೇಲೂ ಬರೆಯಲ್ಪಡುತ್ತದೆ ಎಂದರು.

“ಎರಡರಾಗೂ ಒಂದ ಮದುವಿ ಇರ್ತೈತಂದ್ರ ಎರಡನೇದು ಯಾಕ್ರಿ ಸರ” ಎಂದ ಗವಿಸಿದ್ದೇಶ.

“ನಡಬರಕ ಒಂದನ್ನ ಕಿತ್ತ ಒಗದ್ರೂ ಇನ್ನೊಂದು ನಿಲ್ಲಲಾರದ ನಡೀತೈತಿ. ತಿಳೀತಾ?”

ಅದೂ ಸಾಲದೆ, ಒಂದೇ ಕಾರ್ಖಾನೆಯಲ್ಲಿ ಒಟ್ಟಿಗೆ ಹುಟ್ಟಿದ ಡಿಸ್ಕುಗಳು ಒಟ್ಟಿಗೇ ಸಾಯುತ್ತವೆ, ಆದ್ದರಿಂದ ಒಂದನ್ನು ಇಲ್ಲಿ ಕೊಂಡು ಇನ್ನೊಂದನ್ನು ಎದುರಿನ ಅಂಗಡಿಯಲ್ಲಿ ಕೊಳ್ಳಬೇಕು ಎಂದು ಮಾಸ್ತರರು ನಬಿಸಾಬನ ಎದುರಿಗೇ ಹೇಳಿದರು. ನಬಿಸಾಬ ಮುಖ ಸಿಂಡರಿಸಿದ. ಆ ಸಿಟ್ಟಿಗೆ ಅವನು ಎರಡನೆಯ ಡಿಸ್ಕು ಕೂರಿಸುವ ತಗಡನ್ನು ಕೊಡಲೇ ಇಲ್ಲ, ಕಳೆದಿದೆ ಎಂದ.

ಮನೆಗೆ ಬಂದು ಜೋಡಿಸಲು ಕೂತಾಗ ಅದರ ಪರಿಣಾಮ ಕಂಡಿತು. ಒಂದು ಡಿಸ್ಕು ಒಳಗೆ ಗಟ್ಟಿಯಾಗಿ ಕೂತಿತು. ಇನ್ನೊಂದನ್ನು ಪೆಟ್ಟಿಗೆಯ ಹಿಂಬದಿಯಿಂದ ಹೊರಗೆಳೆದ ವೈರಿಗೆ ಸಿಕ್ಕಿಸಿ, ಕಾಂಚನಾಳ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಇಟ್ಟರು. ಮಾಸ್ತರರು ಪೆನ್ ಡ್ರೈವಿನಲ್ಲಿದ್ದ ಪುಕ್ಕಟೆ ಸಾಫ್ಟ್‌ವೇರ್ ಹಾಕಿ, ದಾರಿಹೋಕರು ಯಾರಾದರೂ ಸ್ವಿಚ್ ಒತ್ತಿಯಾರು ಎಂದು ಮುಂದಿನ ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ತಮ್ಮ ಜೇಬಿಗೆ ಇಳಿಸಿದರು. ಯಮನೂರಪ್ಪ ತನ್ನ ಅಂಗಡಿಯಿಂದ ಟ್ರ್ಯಾಕ್ಟರಿನ ಬ್ಯಾಟರಿಯನ್ನೂ ಒಂದು ಇನ್ವರ್ಟರನ್ನೂ ಹೊತ್ತು ತಂದ. ಬೀಗರ ಎದುರು ಕರೆಂಟು ಹೋಗಿ ಮಾನ ಹೋಗಬಾರದು ಎಂದು ಸರ್ವರಿಗೂ ಸ್ಟುಡಿಯೋದ ದೊಡ್ಡ ಟಿವಿಗೂ ಅದರಿಂದಲೇ ವೈರು ಎಳೆದ. ಇಷ್ಟೊಂದು ಯಾಕೆ ಎಂದು ಗವಿಸಿದ್ದೇಶ ಕೇಳಿದ್ದಕ್ಕೆ, ಮುಂದೆ ಉಪಯೋಗಕ್ಕೆ ಬರುತ್ತದೆ ಎಂದ. ಅವನ ಬಾಯಲ್ಲಿ ಬಂದ ಮಾತು ನಿಜವಾದದ್ದು ಅದೇ ಮೊದಲು.

ಉಳಿದದ್ದು ‘ಟಕ್ ಟಕ್’ ಎನ್ನುವ ಹಳೇ ಡಿಸ್ಕು. ಯಮನೂರಪ್ಪ ಅದಕ್ಕೆ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು ಕೊಡೋಣ ಎಂದ. ಮಾಸ್ತರರು ಅಮೆರಿಕದವರು ಇಂಥ ಡಿಸ್ಕನ್ನು ಫ್ರಿಜ್ಜಿನಲ್ಲಿ ಇಡುತ್ತಾರೆ ಎಂದರು. ಅಮೆರಿಕ ಗೆದ್ದಿತು. ಅಂಕಿತಾಳ ಮದುವೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಕಾಂಚನಾಳ ಮೊಸರಿನ ಪಾತ್ರೆ ಮತ್ತು ಕೊತ್ತಂಬರಿ ಸೂಡಿನ ನಡುವೆ ಮಧ್ಯಾಹ್ನದ ತನಕ ತಣ್ಣಗೆ ಕೂತಿತು. ಕಾಂಚನಾ ಮಜ್ಜಿಗೆಗೆಂದು ಫ್ರಿಜ್ಜು ತೆರೆದಳು. ಆ ಚೀಲ ನೋಡಿ ಗಂಡನ ಮುಖ ನೋಡಿದಳು, ಫ್ರಿಜ್ಜು ಮುಚ್ಚಿದಳು.

ಹೊರತೆಗೆದು ಜೋಡಿಸಿದರೆ ಮತ್ತೆ ‘ಟಕ್, ಟಕ್’. ಗವಿಸಿದ್ದೇಶ ತಲೆಯ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ ಬಾಕಿ ಹಣದ ವಸೂಲಿಗೆ ಬಂದ ನಬಿಸಾಬ, ಡಿಸ್ಕಿನ ಕೇಬಲ್ಲನ್ನು ಎಳೆದು ನೋಡಿ ಇದು ಸತ್ತಿದೆ ಎಂದ. ತನ್ನ ಜೇಬಿನಿಂದ ಬೇರೆ ಕೇಬಲ್ ತೆಗೆದು ಹಾಕಿದೊಡನೆ ಡಿಸ್ಕು ಗುಂಯ್ ಎಂದು ತಿರುಗಿತು. ಡಿಸ್ಕಿಗೆ ಮೊದಲಿನಿಂದಲೂ ಏನೂ ಆಗಿರಲಿಲ್ಲ. ಆದರೂ ಮಾಸ್ತರರು ಅದು ಫ್ರಿಜ್ಜಿನ ಮಹಿಮೆ ಎಂದೇ ಸಾಧಿಸಿದರು. ಮದುವೆ ಹಳೇ ಡಿಸ್ಕಿನಿಂದ ಸರ್ವರಿಗೆ ಹರಿಯತೊಡಗಿತು. ಮೂವರೂ ಟಿವಿಯ ಮೇಲೆ ತುಂಬುತ್ತಿದ್ದ ಹಸಿರು ಪಟ್ಟಿಯನ್ನು ಹೆಸರುಬೇಳೆ ಪಾಯಸ ಕುದಿಯುವುದನ್ನು ನೋಡುವ ಮಕ್ಕಳಂತೆ ನೋಡುತ್ತ ಕೂತರು. ಕೆಲಸ ಮುಗಿದಾಗ ಗವಿಸಿದ್ದೇಶನ ಎದೆ ಎಷ್ಟು ಉಬ್ಬಿತೆಂದರೆ, ಸರ್ವರಿಗೆ ಕುಂಕುಮ ಹಚ್ಚಿ ಕಾಯಿ ಒಡೆದು, ಹೋಗಿ ಬರುವವರಿಗೆಲ್ಲ ಕೊಬ್ಬರಿ ಹಂಚಿದ. ಹಾಗಾಗಿ ಸಂಜೆಯ ಹೊತ್ತಿಗೆ ಓಣಿಗೆ ಓಣಿಯೇ ಸ್ಟುಡಿಯೋದ ಮುಂದೆ ಸೇರಿತ್ತು.

ಸೊರಟೂರಿನ ಬೀಗರು ಬಾಡಿಗೆಯ ಕ್ರೂಸರ್ ಗಾಡಿಯಲ್ಲಿ ಬಂದಿಳಿದರು. ಮುದುಕಪ್ಪ ಕಪ್ಪಗೆ, ಗಿಡ್ಡಗೆ, ಮಾಸಿದ ಅಂಗಿಯಲ್ಲಿದ್ದ. ಯಾರ ಮುಖವನ್ನೂ ನೋಡದೆ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತ. ಅಂದಪ್ಪನವರು ಇನ್ನೊಂದು ತುದಿಯಲ್ಲಿ ಕೂತರು. ಗವಿಸಿದ್ದೇಶ ನಡುವೆ ನಿಂತು ಭಾಷಣ ಬಿಗಿದ. ಇದರಲ್ಲಿ ಹೋದದ್ದು ಬೀಳುವುದಿಲ್ಲ, ಅಳಿಯುವುದಿಲ್ಲ, ಇದರ ಮುಂದೆ ದೊಡ್ಡವರು ಸಣ್ಣವರು ಎಂಬ ಭೇದವಿಲ್ಲ, ತಪ್ಪು ಯಾರದೇ ಇರಲಿ ಹೊರಗೆ ಬೀಳುತ್ತದೆ ಎಂದ. ಓಣಿಯವರು ಚಪ್ಪಾಳೆ ತಟ್ಟಿದರು.

ವಿಡಿಯೋ ಶುರುವಾಯಿತು. ಶಹನಾಯಿ ಇಲ್ಲದ ಹಸಿ ವಿಡಿಯೋ. ಮಂಟಪದ ಗದ್ದಲ, ಪಾತ್ರೆಯ ಸದ್ದು, ಹೆಂಗಸರ ನಗು ಎಲ್ಲ ಇದ್ದಂತೆಯೇ ಕೇಳಿತು. ಸದ್ದು ಸಾಲದು ಎಂದು ಕಾಂಚನಾ ರಿಮೋಟು ತೆಗೆದುಕೊಂಡು ಇನ್ನಷ್ಟು ಜೋರು ಮಾಡಿದಳು. ಹಿರಿಯರ ಸಾಲು ಕಂಡಿತು. ತುದಿಯಲ್ಲಿ ಮುದುಕಪ್ಪ ಕೈಮುಗಿದು ಕೂತಿದ್ದ. ಅಂದಪ್ಪನವರು ರುಮಾಲು ಸುತ್ತುತ್ತ ಸುತ್ತುತ್ತ ಅವನ ಹತ್ತಿರ ಬರುತ್ತಿದ್ದರು. ಕ್ಯಾಮೆರಾದ ಹಿಂದಿನಿಂದ ಒಂದು ದನಿ ಎದ್ದಿತು.

“ಏ ತುದೀಗಿನ ಅಜ್ಜಾರ, ನೀವು ಏಳ್ರಿ. ಆ ಕಡೆ ಸರೀರಿ, ಫ್ರೇಮ್ ಕೆಡ್ತೈತಿ.”

ಪರದೆಯ ಮೇಲೆ ಮುದುಕಪ್ಪ ಕಣ್ಣು ಕುಕ್ಕುವ ಲೈಟಿನ ಕಡೆ ಪಿಳಿಪಿಳಿ ನೋಡಿ, ಎದ್ದು, ಮೆಲ್ಲಗೆ ಪಕ್ಕಕ್ಕೆ ಹೋದ.

“ಬಿಳೇ ಅಂಗಿ ಅಣ್ಣಾರ, ನೀವು ಬಂದು ಕುಂಡ್ರಿ. ಹಾಂ, ಮೀಸಿ ಚಲೋ ಅದಾವು. ಸಾವ್ಕಾರ್ರ, ನೀವು ಈ ಕಡೆ ನೋಡ್ರಿ, ಕ್ಯಾಮೆರಾ ನೋಡ್ಕೋತ ಸುತ್ತರಿ.”

ಅಂದಪ್ಪನವರು ಕ್ಯಾಮೆರಾ ನೋಡುತ್ತ, ನಗುತ್ತ, ಮುಂದೆ ಕೂತವರ ತಲೆಗೆ ರುಮಾಲು ಸುತ್ತಿದರು. ಬಿಳೇ ಅಂಗಿಯವನ ಹೆಸರು ಹನಮಂತ, ಬೀಗರನ್ನು ಕರೆತಂದ ಕ್ರೂಸರಿನ ಡ್ರೈವರ್. ಈಗ ಅವನು ಸ್ಟುಡಿಯೋದ ಬಾಗಿಲಲ್ಲೇ ನಿಂತಿದ್ದ. ಎಲ್ಲರೂ ತನ್ನತ್ತ ತಿರುಗಿದ್ದನ್ನು ಕಂಡು, “ನನಗ್ಯಾಕ ಸುತ್ತಿದ್ರು ಅಂತ ನನಗೂ ತಿಳದಿದ್ದಿಲ್ರಿ. ಮಡಚಿ ಇಟ್ಟೀನಿ, ಕಟ್ಟಿಲ್ಲ” ಎಂದ.

ಆ ದನಿ ಯಾರದೆಂದು ಓಣಿಯಲ್ಲಿ ಗುರುತಿಸದವರು ಯಾರಿದ್ದರು? ಗವಿಸಿದ್ದೇಶನಿಗೂ ಗುರುತು ಸಿಕ್ಕಿತ್ತು. ಅವನು ಗೋಡೆಗೆ ಬೆನ್ನು ಹಚ್ಚಿ, ಕಂಡ ಕಂಡ ದೇವರಿಗೆಲ್ಲ ಕರೆಂಟು ತೆಗೆಯಿರಿ ಎಂದು ಬೇಡಿಕೊಂಡ. ಬೇಡಿದ್ದೇ ತಡ, ಓಣಿಯ ಕರೆಂಟು ಹೋಯಿತು. ದೀಪ ಆರಿತು, ಫ್ಯಾನು ನಿಂತಿತು. ಅವನ ಜೀವ ತಿರುಗಿ ಬಂತು. ಆದರೆ ಯಮನೂರಪ್ಪನ ಟ್ರ್ಯಾಕ್ಟರ್ ಬ್ಯಾಟರಿಯ ಮೇಲೆ ಟಿವಿ ಹೊಳೆಯುತ್ತಲೇ ಇತ್ತು. ಸುತ್ತ ಕತ್ತಲಾದ್ದರಿಂದ ಚಿತ್ರ ಇನ್ನೂ ಸ್ಪಷ್ಟವಾಯಿತು. ಗವಿಸಿದ್ದೇಶ ಸರ್ವರಿನ ಹತ್ತಿರ ಸರಿದು ಸ್ವಿಚ್ಚಿಗೆ ಕೈಹಾಕಿದ. ಬಾಗಿಲಿಗೆ ಕೀಲಿ, ಕೀಲಿಕೈ ಮಾಸ್ತರರ ಜೇಬಿನಲ್ಲಿ. ಕೊನೆಗೆ ಹಿಂದೆ ಕೈಯಾಡಿಸಿ, ಭರಣಿಯ ಮುಚ್ಚಳದ ಮೇಲಿದ್ದ ಡಿಸ್ಕನ್ನು ಹಿಡಿದು ವೈರಿನ ಸಮೇತ ಕಿತ್ತುಬಿಟ್ಟ.

ಸರ್ವರ್ ಒಮ್ಮೆ ‘ಪೀಂ’ ಎಂದಿತು. ಪರದೆಯ ಮೇಲೆ ಚಿತ್ರ ಅಲುಗಲೂ ಇಲ್ಲ. “ಹಾಂ, ಇನ್ನೊಂದ್ಸಲ ಸುತ್ತರಿ ಸಾವ್ಕಾರ್ರ, ಮದ್ಲಿಂದು ಬ್ಲರ್ ಆತು” ಎಂದು ಅವನದೇ ದನಿ ಮುಂದುವರಿಯಿತು. ಗವಿಸಿದ್ದೇಶ ತನ್ನ ಜನ್ಮದಲ್ಲಿ ನೆಟ್ಟಗೆ ಮಾಡಿದ ಕೆಲಸ ಆ ಸರ್ವರ್ ಒಂದೇ ಇರಬೇಕು.

“ನೋಡಿದಿರಾ, ನಾ ಹೇಳಿದ್ದೆ” ಎಂದು ಮಾಸ್ತರರು ಸಂಭ್ರಮದಿಂದ ಎದ್ದು ನಿಂತರು. “ಒಂದು ಕಿತ್ತರೂ ಇನ್ನೊಂದು ನಡೀತೈತಿ.” ಎಲ್ಲರೂ ನೋಡಿದರು. ಗವಿಸಿದ್ದೇಶನ ಕೈಯಲ್ಲಿ ಕಿತ್ತ ಡಿಸ್ಕು ಹಾಗೇ ಇತ್ತು.

ಮುದುಕಪ್ಪ ಎದ್ದು ಅಂದಪ್ಪನವರ ಹತ್ತಿರ ಹೋದ. “ಬೀಗರ, ನೀವ ಎಬ್ಬಿಸೀರಂತ ತಿಳಕೊಂಡಿದ್ದೆ. ತಪ್ಪಾತು. ನಾಳಿಗೆ ಮಗಳನ್ನ ಕಳಸ್ತೀವಿ” ಎಂದ. ಅಂದಪ್ಪನವರ ಕಣ್ಣು ತುಂಬಿದವು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಒಟ್ಟಿಗೇ ಗವಿಸಿದ್ದೇಶನ ಕಡೆ ತಿರುಗಿದರು.

“ಮುಂಜಾನೆ ಡಿಸ್ಕ್ ಕೆಟ್ಟೈತಿ ಅಂತ ಒಂದ್ ಸುಳ್ಳ ಹೇಳಿದ್ರೂ ಸುಮ್ನ ಬೀಗರ ಕೈ ಹಿಡದು, ಅವರ ಮನ್ಯಾಗ ಒಂದ್ ರುಮಾಲು ಸುತ್ತಿ ಮುಗಸ್ತಿದ್ದೆನಲ್ಲೋ” ಎಂದರು ಅಂದಪ್ಪ. “ಮತ್ತ ನಿನ್ನ ಹೆಸರೂ ಉಳೀತಿತ್ತು.” ಕಾಂಚನಾ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಗವಿಸಿದ್ದೇಶ ಆ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಹಿರಿಯರು ಅಲ್ಲಿಯೇ ತೀರ್ಪು ಕೊಟ್ಟರು. ಪಂಚಮಿಯ ಮರುದಿನ ಗವಿಸಿದ್ದೇಶ ಹೊಸ ರುಮಾಲು, ಶಾಲು, ಹಣ್ಣು ಹಿಡಿದು ಸೊರಟೂರಿಗೆ ಹೋಗಬೇಕು. ಊರವರೆದುರು ತಾನೇ ಮುದುಕಪ್ಪನಿಗೆ ರುಮಾಲು ಸುತ್ತಿ ಕಾಲಿಗೆ ಬೀಳಬೇಕು. ಅದರ ವಿಡಿಯೋ ತೆಗೆಯಲು ಗದಗಿನ ಬೇರೆ ಸ್ಟುಡಿಯೋದವನನ್ನು ಕರೆಸಬೇಕು. ಆ ಸೀಮೆಯ ಮದುವೆಗಳೂ ಇನ್ನು ಆ ಸ್ಟುಡಿಯೋದವನಿಗೇ ಎಂದು ಅಂದಪ್ಪನವರು ಬೇರೆ ಹೇಳಬೇಕಾಗಲಿಲ್ಲ. ಎಲ್ಲರಿಗೂ ತಿಳಿದಿತ್ತು.

ಬೀಗರು ಕ್ರೂಸರ್ ಹತ್ತಿದರು. ಅಂದಪ್ಪನವರು ಹೋಗುವ ಮುಂದೆ ಏನೋ ನೆನಪಾದವರಂತೆ ತಿರುಗಿ ಬಂದು, ಕುಂಕುಮ ಹಚ್ಚಿದ ಆ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೈಯಿಟ್ಟರು.

“ಆ ಗದಗಿನ ಸ್ಟುಡಿಯೋದವನ ಕಡೆ ಇಂಥಾ ಸರ್ವರ್ ಇರಂಗಿಲ್ಲ. ನೀ ಕಾಲಿಗೆ ಬೀಳೂದನ್ನೂ ತಂದು ಇದರಾಗ ಇಟ್ಟಬಿಡು ತಮ್ಮಾ. ಎರಡೂ ಡಿಸ್ಕಿನ್ಯಾಗ ಇರಲಿ.”

ಮಾಸ್ತರರು ಭರಣಿಯ ಮುಚ್ಚಳವನ್ನು ಒರೆಸಿ, ಗವಿಸಿದ್ದೇಶನ ಕೈಯಿಂದ ಡಿಸ್ಕನ್ನು ಇಸಿದುಕೊಂಡು ಮತ್ತೆ ವೈರಿಗೆ ಸಿಕ್ಕಿಸಿದರು.